ಚಳಿಗಾಲದ ಕೆಂಪೆದೆ

"ನಮ್ ಹೊಟ್ಟೆ ಮೇಲೆ ಹೊಡೆದಿದಾರೆ, ಲಾಯರಮ್ಮ!"

ಚಿಪ್ಪಕ್ಕ ನಮ್ಮ ಮನೆಗೆ ನುಗ್ಗಿ ಅರಣ್ಯಾಧಿಕಾರಿಯ ನೋಟೀಸನ್ನು ಮೇಜಿಗೆ ಕುಕ್ಕಿದಳು. ಸಮುದ್ರದಂಚಿನ ಕೆಸರಿನಲ್ಲಿ ಚಿಪ್ಪು ಆಯುವ ಹೆಂಗಸರು ಇನ್ನು ಅಲ್ಲಿ ಕಾಲಿಡಕೂಡದು. ಕಾರಣ, ಯಾರೋ ಹೆಸರು ಹಾಕದೆ ಕಳಿಸಿದ ಫೋಟೋ: ಬಲೆಚೀಲಕ್ಕೆ ಸಿಕ್ಕಿ ಸತ್ತ, ಚಳಿಗಾಲಕ್ಕೆ ವಲಸೆ ಬರುವ ಒಂದು ಉಲ್ಲಂಕಿ ಹಕ್ಕಿ.

"ಚೀಲ ನಮ್ದೇ. ಹೋದ ವಾರ ಕಟ್ಟೆ ಮೇಲೆ ಒಣಗಹಾಕಿದ್ದು ಕಾಣೆಯಾಗಿತ್ತು. ಹಕ್ಕಿ ನಮ್ದಲ್ಲ."

ಲಾಯರಮ್ಮನೆಂದರೆ ನನ್ನ ಅತ್ತಿಗೆ; ಕೋರ್ಟು ಬಿಟ್ಟಿದ್ದಳು, ಪಾಟೀಸವಾಲು ಬಿಟ್ಟಿರಲಿಲ್ಲ. ಬೀದಿಯ ಯಾವ ಕಳವು, ಮೋಸವಾದರೂ ಪತ್ತೆ ಅವಳದೇ. ಫೋಟೋವನ್ನು ನನ್ನತ್ತ ತಳ್ಳಿದಳು. ಹಕ್ಕಿಯ ಎದೆ ಇಟ್ಟಿಗೆಗೆಂಪು. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೇ ಇಳಿದಿತ್ತು. ಹಿಂದಿನ ದಂಡೆ ಹೊಗೆಯಂತೆ ಕರಗಿತ್ತು.

"ಹೆಣಕ್ಕೆ ಇಷ್ಟೊಂದು ಸಿಂಗಾರವೇನೆ?" ಎಂದಳು.

ಮರುದಿನ ಎಲ್ಲರನ್ನೂ ದಂಡೆಗೆ ಎದುರಾಗಿದ್ದ ಹಕ್ಕಿಪ್ರಿಯರ ಸಂಘದ ಹಾಲಿಗೆ ಕರೆಸಿದಳು. ಅಧ್ಯಕ್ಷರು ಆಪರೇಷನ್ನಾದ ಮಂಡಿ ಹಿಡಿದು, ನರಳುತ್ತ ಎತ್ತರದ ಸ್ಟೂಲಿಗೆ ಒರಗಿದರು. ಬಹುಮಾನಗಳನ್ನು ಗೆದ್ದ ಸಂಘದ ಫೋಟೋಗ್ರಾಫರ್ ಮೂಗು ಮುಚ್ಚಿಕೊಂಡ. "ಮೀನುನಾತ. ಕಿಟಕಿ ತೆಗೀರಿ."

"ನಿನ್ ಮಾತಿನ ನಾತಕ್ಕೆ ಯಾವ ಕಿಟಕಿ ತೆಗೀಲಿ?" ಎಂದಳು ಚಿಪ್ಪಕ್ಕ.

ಅಧಿಕಾರಿ ಗಡಿಯಾರ ನೋಡಿಕೊಂಡ. ಊಟ ಕಿತ್ತುಕೊಳ್ಳಲು ಅವನಿಗೆ ಒಂದು ಫೋಟೋ ಸಾಕಾಗಿತ್ತು. ಹಿಂತಿರುಗಿಸಲು ಮಾತ್ರ ಪುರಾವೆಯ ಮೇಲೆ ಪುರಾವೆ ಬೇಕಿತ್ತು.

"ಅಧ್ಯಕ್ಷರೇ," ಎಂದಳು ಅತ್ತಿಗೆ, "ಕಿಟಕಿಯಿಂದ ದುರ್ಬೀನಿನಲ್ಲಿ ನೋಡಿ. ಕೆಸರಲ್ಲಿ ಉಲ್ಲಂಕಿಗಳಿವೆಯಾ?"

"ನೂರಾರು."

"ಬಣ್ಣ?"

"ಬೂದಿ. ಚಳಿಗಾಲದಲ್ಲಿ ಎಲ್ಲವೂ ಬೂದಿಯೇ. ಕೆಂಪು ಬರೋದು ಮರಿಮಾಡೋ ಕಾಲಕ್ಕೆ..." ಅಧ್ಯಕ್ಷರು ದುರ್ಬೀನು ಇಳಿಸಿ ಫೋಟೋವನ್ನು ನೋಡಿದರು.

"ಹಾಗಾದ್ರೆ ಈ ಕೆಂಪೆದೆ ಈಗ ಸತ್ತದ್ದಲ್ಲ. ಬಲೆಚೀಲ ಕಳುವಾದದ್ದು ಮಾತ್ರ ಈಗ. ಹಳೇ ಹಕ್ಕಿ ಎಲ್ಲಿ ಸಿಗುತ್ತೆ? ನಿಮ್ಮ ಸಂಘದ ಸತ್ತ ಹಕ್ಕಿಗಳ ಬೀರು ತೆಗೀರಿ."

ಹುಲ್ಲು ತುಂಬಿಟ್ಟ ಹಕ್ಕಿಗಳ ಸಾಲಿನಲ್ಲಿ ಬೂದಿಬಣ್ಣದ ಉಲ್ಲಂಕಿಯ ಪಕ್ಕ ಕೆಂಪೆದೆಯದೂ ಇತ್ತು. ಅದರ ರೆಕ್ಕೆಯ ಸಂದಿನಲ್ಲಿ ಒಣಗಿದ ಕೆಸರು.

"ಬೀಗದ ಕೈ ಇರೋದು ಅಧ್ಯಕ್ಷರು, ಫೋಟೋಗ್ರಾಫರ್ ಇಬ್ಬರ ಹತ್ತಿರ," ಅತ್ತಿಗೆ ಮುಂದುವರಿಸಿದಳು. "ಪುರಾವೆಗೆ ಫೋಟೋ ತೆಗೆಯೋರು ನಿಂತು, ಬಗ್ಗಿ ತೆಗೀತಾರೆ. ಇವರು ಕೆಸರಲ್ಲಿ ಬೋರಲು ಮಲಗಿ ತೆಗೆದಿದಾರೆ. ಅಧ್ಯಕ್ಷರು ಕುರ್ಚೀಲಿ ಕೂರೋಕೇ ಒದ್ದಾಡ್ತಾರೆ. ಹಕ್ಕಿ ಕಂಡರೆ ಮಲಗೋದು ಯಾರ ಚಾಳಿ? ಬೂದಿಬಣ್ಣದ್ದೂ ಇದೇ ಬೀರುವಿನಲ್ಲಿತ್ತಲ್ಲಪ್ಪ. ಅದನ್ನಿಟ್ಟಿದ್ರೆ ನೀನು ಗೆದ್ದುಬಿಡ್ತಿದ್ದೆ. ಆದ್ರೆ ಸುಳ್ಳು ಹೇಳುವಾಗಲೂ ನಿನಗೆ ಫೋಟೋ ಚೆನ್ನಾಗಿ ಬರಬೇಕು!"

ಫೋಟೋಗ್ರಾಫರ್ ತಲೆ ತಗ್ಗಿಸಲಿಲ್ಲ. "ಹೌದು, ನಾನೇ. ಯಾವ ಫ್ರೇಮ್ ನೋಡಿದ್ರೂ ಇವರ ಬೆನ್ನು, ಇವರ ಬುಟ್ಟಿ! ಹಕ್ಕಿಗೆ ಈ ದಂಡೆ ಬಿಟ್ಟರೆ ಗತಿಯಿಲ್ಲ. ಇವರು ಎಲ್ಲಾದ್ರೂ ಬದುಕ್ಕೋತಾರೆ."

"ಎಲ್ಲಾದ್ರೂ ಅಂದ್ರೆ ಎಲ್ಲಿ? ನಿಮ್ಮಪ್ಪನ ಮನೇಲಾ?" ಚಿಪ್ಪಕ್ಕ ಎದ್ದು ನಿಂತಳು.

ಅಧಿಕಾರಿ ಗಂಟಲು ಸರಿಪಡಿಸಿಕೊಂಡ. "ಆಯ್ತು, ಆಯ್ತು. ನೋಟೀಸು ರದ್ದು. ನಾಳೆಯಿಂದ ಇಳೀರಿ."

"ನಾಳೆ ಯಾಕೆ?" ಚಿಪ್ಪಕ್ಕ ಸೆರಗು ಬಿಗಿದಳು. "ನೀರು ಈಗ ಇಳಿದಿದೆ."