ರುದ್ರ ಓಡಿಹೋದ ದಿನ

ಅನಿಕೇತನಿಗೆ ಸಿಟ್ಟು ಬಂದದ್ದು ನಾಯಿಯ ಮೇಲಲ್ಲ, ಆಶಾಲತಾಳ ಮೇಲೆ. ಯೂನಿಯನ್ ಸಿಟಿಯ ಆ ಬೀದಿಯಲ್ಲಿ ಎಷ್ಟೊಂದು ಹಿತ್ತಲುಗಳಿದ್ದವು; ಪಕ್ಕದ ಮನೆಯ ಈ ಉಡುಪಿ ಹೆಂಗಸಿಗೆ ಕಂಡದ್ದು ಇವನದೊಂದೇ. ವಾರವಿಡೀ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ದುಡಿದು, ಶನಿವಾರ ಬಂತೆಂದರೆ ತೋಳನಾಯಿಗಳ ಆಶ್ರಯಧಾಮಕ್ಕೆ ಹೋಗಿ ನಾಯಿಗಳ ಹೇಲು ಬಾಚುವವಳು. ಜನ ಶೋಕಿಗೆ ಸಾಕಿ ಬಿಸಾಡಿದ, ತೋಳದ ರಕ್ತ ಬೆರೆತ ನಾಯಿಗಳನ್ನು ಅಲ್ಲಿ ಎಕರೆಗಟ್ಟಲೆ ಜಾಗದಲ್ಲಿ ಸಾಯುವ ತನಕ ನೋಡಿಕೊಳ್ಳುತ್ತಾರಂತೆ.

"ಎಂತ ಮಾರಾಯ್ರೇ," ಎಂದಿದ್ದಳು ಬೇಲಿಯ ಮೇಲಿಂದ, "ಅದರ ಕುತ್ತಿಗೆ ಒಮ್ಮೆ ನೋಡಿದ್ದೀರಾ? ಬೆಲ್ಟು ಮಾಂಸದ ಒಳಗೆ ಹೋಗಿದೆ. ಸಾಕ್ಲಿಕ್ಕೆ ಆಗದಿದ್ರೆ ನಮಗೆ ಕೊಡಿ. ಅದು ಜೀವ, ನಿಮ್ಮ ಗ್ಯಾರೇಜಿನ ಹಳೇ ಸಾಮಾನಲ್ಲ."

"ವೀಕೆಂಡು ಕೂತು ಮಾತಾಡೋಣ ಮೇಡಂ," ಎಂದು ಅವನು ನಕ್ಕಿದ್ದ. ಅವಳು ವೀಕೆಂಡಿನ ತನಕ ಕಾಯಲಿಲ್ಲ. ಕೌಂಟಿಯ ಪ್ರಾಣಿ ಇಲಾಖೆಯಿಂದ ಫೋನು ಬಂತು: ಮುಂದಿನ ವಾರ ಆಫೀಸರು ಬಂದು ಹಿತ್ತಲು ನೋಡುತ್ತಾರೆ.

ರುದ್ರನನ್ನು ಮರಿಯಾಗಿ ತಂದಾಗ ಪಾಲೋ ಆಲ್ಟೋದ ಆಫೀಸಿನವರೆಲ್ಲ ಬಂದು ಫೋಟೋ ತೆಗೆಸಿಕೊಂಡಿದ್ದರು. "ಮುಕ್ಕಾಲು ಪಾಲು ತೋಳ," ಎಂದು ಅನಿಕೇತ ಎದೆಯುಬ್ಬಿಸಿ ಹೇಳುತ್ತಿದ್ದ. ಮರಿ ಬೆಳೆಯಿತು. ಸೋಫಾ ಸೀಳಿತು. ದೂರದಲ್ಲಿ ರೈಲು ಹೋದಾಗಲೆಲ್ಲ ಮುಖವೆತ್ತಿ ಊಳಿಟ್ಟಿತು. ತೋಳ ಬೇಕೆಂದು ಕೊಂಡವನಿಗೆ ಅದು ತೋಳದಂತೆ ನಡೆದುಕೊಂಡದ್ದು ಸಹಿಸಲಾಗಲಿಲ್ಲ. ಗ್ಯಾರೇಜಿನ ಹಿಂದೆ ಕಬ್ಬಿಣದ ಗೂಟ ನೆಟ್ಟು ಎರಡು ಹೆಜ್ಜೆ ಉದ್ದದ ಸರಪಳಿ ಬಿಗಿದ. ಆಮೇಲೆ ಅತ್ತ ಹೋಗುವುದು ಊಟ ಎಸೆಯಲಿಕ್ಕಷ್ಟೇ ಆಯಿತು, ಅದೂ ನೆನಪಾದರೆ. ಹೀಗೆ ವರ್ಷಗಳೇ ಕಳೆದಿದ್ದವು.

ಈಗ, ಇಷ್ಟು ಕಾಲ ಕಾದು ಕೂತಿದ್ದ ಪೌರತ್ವದ ಇಂಟರ್‌ವ್ಯೂ ಮುಂದಿನ ತಿಂಗಳಿತ್ತು. ಅರ್ಜಿದಾರನ ನಡತೆ ಚೆನ್ನಾಗಿದೆಯೇ ಎಂದು ಅಲ್ಲಿ ಕೇಳುತ್ತಾರೆ. ಪ್ರಾಣಿಹಿಂಸೆಯ ಕೇಸು ಬಿದ್ದರೆ ಏನು ಹೇಳುವುದು? ನಾಯಿಯನ್ನು ಆಶಾಲತಾಳಿಗೇ ಒಪ್ಪಿಸೋಣವೆಂದರೆ ಆ ಕುತ್ತಿಗೆಯ ಗಾಯವೇ ಸಾಕ್ಷಿ ನುಡಿಯುತ್ತದೆ. ರುದ್ರ ಇರಬಾರದು. ಹಾಗಂತ ತಾನು ಕೊಲ್ಲಲೂಬಾರದು.

ಆಫೀಸಿನಲ್ಲಿ ಪ್ರಾಜೆಕ್ಟುಗಳನ್ನು ಯೋಚಿಸುವಂತೆಯೇ ಇದನ್ನೂ ಯೋಚಿಸಿದ. ಎಲ್ಲಿ ಮುರಿದುಬೀಳಬಹುದು? ಅಲ್ಲಲ್ಲಿಗೆ ಮೊದಲೇ ತೇಪೆ. ಗೂಟ ಕಿತ್ತ, ರುದ್ರ ಸುತ್ತಿ ಸುತ್ತಿ ಸವೆದು ಬೋಳಾಗಿದ್ದ ದುಂಡನೆಯ ನೆಲದ ಮೇಲೆ ಪ್ಲಾಸ್ಟಿಕ್ಕಿನ ಹುಲ್ಲುಹಾಸು ಹಾಸಿದ. ನಡುಮನೆಯಲ್ಲಿ ಮೆತ್ತನೆಯ ನಾಯಿಹಾಸಿಗೆ ತಂದಿಟ್ಟು, ಅದರ ಮೇಲೆ ರುದ್ರನ ಒಂದಿಷ್ಟು ಕೂದಲನ್ನೂ ಉದುರಿಸಿದ. ತೋಳನಾಯಿಗಳು ನೆಲ ತೋಡಿ ಪಾರಾಗುವುದು ಎಲ್ಲರಿಗೂ ಗೊತ್ತು. ಬೇಲಿಯ ಬುಡದಲ್ಲಿ ತಾನೇ ಬಿಲ ತೋಡಿ, ಅಂಚಿನ ಮಣ್ಣನ್ನು ಬೆರಳುಗಳಿಂದ ಗೀರಿದ. ಆ ಗೀರುಗಳನ್ನು ಕಂಡು ಅವನಿಗೇ ಮೆಚ್ಚುಗೆಯಾಯಿತು.

ಶನಿವಾರ ಆಶಾಲತಾ ಆಶ್ರಯಧಾಮಕ್ಕೆ, ಹೆಂಡತಿ ಸ್ನೇಹಲ್ ಮಗಳನ್ನು ಕರೆದುಕೊಂಡು ಕನ್ನಡ ಕ್ಲಾಸಿಗೆ. ತಾನು ಮನೆಯಲ್ಲೇ ಇದ್ದನೆಂದು ತೋರಲೆಂದು ಫೋನನ್ನು ಅಲ್ಲೇ ಹಾಡು ಹಾಡಲು ಬಿಟ್ಟು, ಹಳೇ ಕಾರಿನಲ್ಲಿ ರುದ್ರನನ್ನು ಹತ್ತಿಸಿದ. ಕ್ಯಾಮೆರಾಗಳಿರುವ ಫ್ರೀವೇ ಬಿಟ್ಟು ಒಳದಾರಿ ಹಿಡಿದ. ಹಿಂದಿನ ಸೀಟಿನಿಂದ ರುದ್ರ ಒಮ್ಮೆ ಬಗ್ಗಿ ಅವನ ಕಿವಿ ನೆಕ್ಕಿತು. ಅನಿಕೇತ ತೋಳಿನಿಂದ ಒರೆಸಿಕೊಂಡ.

ಲಿವರ್‌ಮೋರ್ ದಾಟಿ, ದನ ಮೇಯುವ ಗುಡ್ಡಗಳ ನಡುವೆ, ತೊರೆಯೊಂದು ಹರಿಯುವಲ್ಲಿ ನಿಲ್ಲಿಸಿದ. ಅವನ ಲೆಕ್ಕ ಇಷ್ಟೇ: ನಾಯಿ ದನಗಳನ್ನು ಅಟ್ಟುತ್ತದೆ, ದನದ ಒಡೆಯ ಬಂದೂಕು ಎತ್ತುತ್ತಾನೆ. ಕೊಲ್ಲುವ ಕೈ ಒಡೆಯನದು, ಕಾನೂನೂ ಅವನ ಕಡೆ. ಬೆಲ್ಟು ಬಿಚ್ಚುವಾಗ ಅದರೊಂದಿಗೆ ಚರ್ಮವೂ ಎದ್ದು ಬಂತು. ಅನಿಕೇತ ಕಾರು ತಿರುಗಿಸಿ ಹೊರಟ. ಕನ್ನಡಿಯಲ್ಲಿ ನೋಡುವ ಮನಸ್ಸಾಗಲಿಲ್ಲ, ನೋಡುವುದಕ್ಕೇನಿದೆ, ಓಡಿರುತ್ತದೆ.

ಸಂಜೆ ಬೀದಿಯವರ ಗುಂಪಿಗೆ ರುದ್ರನ ಫೋಟೋ ಹಾಕಿ ಬರೆದ: 'ನಮ್ಮ ಮನೆಮಗ ಬೇಲಿಯ ಬುಡ ತೋಡಿ ಓಡಿಹೋಗಿದ್ದಾನೆ. ಒಂದು ದಿನವೂ ಕಟ್ಟಿ ಸಾಕಿದವರಲ್ಲ ನಾವು.' ಕಣ್ಣೀರಿನ ಚಿತ್ರಗಳು ಸಾಲಾಗಿ ಬಂದವು.

"ಹೋದ್ರ ಹೋತು ಬಿಡ್ರಿ," ಎಂದಳು ಸ್ನೇಹಲ್, ಚಪಾತಿ ಲಟ್ಟಿಸುತ್ತ. "ಒಂದ್ ಲೆಕ್ಕಕ್ಕ ಚಲೋನ ಆತು. ಇನ್ ಮ್ಯಾಲೆ ಅಕಿ ಬೇಲಿ ಹತ್ರ ಬಂದು ನಿಂದ್ರೂದು ತಪ್ತದ."

ಆಶಾಲತಾ ಮಾತ್ರ ಟಾರ್ಚು ಹಿಡಿದು ಬೀದಿ ಬೀದಿ ಹುಡುಕಿದಳು. ಅವಳ ಜೊತೆ ಅನಿಕೇತನೂ ಸುತ್ತಿದ, ಗಂಟಲು ಹರಿಯುವಂತೆ "ರುದ್ರಾ!" ಎಂದು ಕೂಗಿದ. ಆಫೀಸರು ಬಂದು ಬಿಲ ನೋಡಿದರು, ಹುಲ್ಲುಹಾಸು ನೋಡಿದರು, ಹಾಸಿಗೆ ನೋಡಿದರು, ಅವನ ಹೆಗಲು ತಟ್ಟಿ ಹೋದರು. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ವಾರ ಮುಗಿಯುವ ಮೊದಲೇ ಬಾಗಿಲಲ್ಲಿ ಆಶಾಲತಾ ನಿಂತಿದ್ದಳು, ಅವಳ ಹಿಂದೆ ಅದೇ ಆಫೀಸರು. "ರುದ್ರ ಸಿಕ್ಕಿತು," ಎಂದಳು. "ಲಿವರ್‌ಮೋರಿನ ಆಚೆ ಗುಡ್ಡದಲ್ಲಿ. ಜೀವ ಇದೆ. ನೀವು ಹಾಕಿದ ಫೋಟೋವನ್ನು ನಾನು ಎಲ್ಲ ಕಡೆ ಹಂಚಿದ್ದೆ, ಅದನ್ನು ನೋಡಿ ಅಲ್ಲಿಯ ದನದವನು ಫೋನ್ ಮಾಡಿದ."

ಅನಿಕೇತನ ಬಾಯಿ ಅವನಿಗಿಂತ ಮೊದಲೇ ಚುರುಕಾಯಿತು. "ಅಯ್ಯೋ ದೇವರೇ! ಅಷ್ಟು ದೂರ ಓಡಿಬಿಡ್ತಾ!"

"ಓಡಿದ್ದಾ?" ಆಶಾಲತಾಳ ಧ್ವನಿ ಏರಲಿಲ್ಲ. "ದನದವನು ಮೊದಲ ದಿನದಿಂದಲೂ ಅದನ್ನು ನೋಡ್ತಾ ಇದ್ದನಂತೆ, ಒಂದೇ ಜಾಗದಲ್ಲಿ. ರೌಂಡು ಹೊಡೆದು ಹೊಡೆದು ಹುಲ್ಲೆಲ್ಲ ಮಲಗಿ ದಾರಿ ಬಿದ್ದಿದೆ. ನಾನೇ ಕಂಡೆ, ನಾಲ್ಕು ಹೆಜ್ಜೆ ಅಗಲದ ರೌಂಡು, ನಿಮ್ಮ ಸರಪಳಿಯ ಅಳತೆಯದ್ದೇ. ಈಗ ನಮ್ಮಲ್ಲಿ ಅಷ್ಟು ದೊಡ್ಡ ಜಾಗ ಕೊಟ್ಟಿದ್ದೇವೆ. ಅಲ್ಲೂ ಅದು ಅದೇ ರೌಂಡು ಹೊಡೀತದೆ, ಊಟ ಆ ರೌಂಡಿನ ಆಚೆ ಇಟ್ರೆ ಮೂಸಿ ಕೂಡ ನೋಡುದಿಲ್ಲ. ಆ ಗುಡ್ಡದಲ್ಲಿ ಪಕ್ಕದಲ್ಲೇ ತೊರೆ ಇತ್ತು ಮಾರಾಯ್ರೇ. ನೀರಿಗೆ ಅಂತ ಕೂಡ ಆ ರೌಂಡು ಬಿಟ್ಟು ಆಚೆ ಕಾಲಿಡದ ನಾಯಿ, ಇಲ್ಲಿಂದ ಅಲ್ಲಿಗೆ ತಾನಾಗಿ ಹೋಯ್ತು ಅಂತ ಈ ಆಫೀಸರಿಗೆ ಇನ್ನೊಮ್ಮೆ ಹೇಳಿ ನೋಡುವ."