ಎರಡನೆಯ ಟಿಕೇಟು ಯಾರಿಗೆ?

“ಟೂ ಟಿಕೆಟ್ಸ್... ಟು ಕುರುಗೋಡು!”

ರಟ್ಟಿನ ಟಿಕೇಟು ಕಿಟಕಿಯೊಳಗೆ ಕುಳಿತಿದ್ದ ವಿರೂಪಮ್ಮ ಬೆಚ್ಚಿ ತಲೆಯೆತ್ತಿದಳು. ನಾಟಕದ ಅಭ್ಯಾಸದಲ್ಲಿ ಆತ ಕೇಳುತ್ತಿದ್ದುದು ಒಂದೇ ಟಿಕೇಟಲ್ಲವೇ!

ಎದುರಿಗೆ ಜಂಬಣ್ಣ ನಿಂತಿದ್ದ. ವರ್ಷವಿಡೀ, ತರಗತಿಯಲ್ಲೂ ಅಭ್ಯಾಸದಲ್ಲೂ, ಪರದೆಯಾಚೆಯಿಂದ ಆತನ ದನಿಯನ್ನಷ್ಟೇ ಕೇಳಿದ್ದಳು. ಮುಖ ಕಂಡದ್ದು ಇದೇ ಮೊದಲು... ಎಷ್ಟು ಸೌಮ್ಯವಾದ ಕಣ್ಣುಗಳು!

೧೮೯೨ರ ಬಳ್ಳಾರಿ. ಬಾಯಿಪಾಠದಿಂದ ಭಾಷೆ ಬಾರದೆಂದು ನಂಬಿದ್ದ ಪ್ರಾಣೇಶ ಮಾಸ್ತರರು, ಸಂಜೆಯ ಇಂಗ್ಲಿಷ್ ತರಗತಿಯ ತರುಣ ತರುಣಿಯರಿಂದಲೇ ಶಾಲೆಯ ಪಡಸಾಲೆಯಲ್ಲಿ ರೈಲು ನಿಲ್ದಾಣವೊಂದನ್ನು ಕಟ್ಟಿಸಿದ್ದರು. ಕೊಳ್ಳುವುದು, ಕೂಗುವುದು, ಜಗಳವಾಡುವುದು ಎಲ್ಲವೂ ಇಂಗ್ಲಿಷಿನಲ್ಲೇ! ನೋಡಲು ಊರವರೂ ನೆರೆದಿದ್ದರು.

“ಎರಡನೇದು ಯಾರಿಗಿಲೇ ಜಂಬ?” ಹಮಾಲಿಯ ವೇಷದ ಸಹಪಾಠಿ ಮಾರೆಣ್ಣ ಕನ್ನಡದಲ್ಲೇ ಕೂಗಿಬಿಟ್ಟ.

ಜಂಬಣ್ಣ ವಿರೂಪಮ್ಮನನ್ನು ನೋಡಿ ನಾಚಿ ನಕ್ಕ. ಸಭೆ ಗೊಳ್ಳೆಂದಿತು.

‘ಇಷ್ಟು ಜನರೆದುರು ನನ್ನನ್ನು ನಗೆಪಾಟಲು ಮಾಡಿದನೇ!’ ಅವಳ ಕಣ್ಣು ತುಂಬಿತು.

ಸಭೆಯಲ್ಲಿ ಕುಳಿತಿದ್ದ ಅವಳ ಚಿಕ್ಕಮ್ಮ ಗಾದೆಮ್ಮ ಎದ್ದೇಬಿಟ್ಟಳು. “ಸಾಕು ನಡಿಯವ್ವ! ನಾಳಿಂದ ಸಾಲಿ ಬಂದ್!”

ಪರೀಕ್ಷೆ ಪಾಸಾಗಿ ಶಿಕ್ಷಕಿಯಾಗುವವರೆಗೆ ಮದುವೆಯೇ ಬೇಡವೆಂದು ಹಟ ಹಿಡಿದಿದ್ದ ಇಪ್ಪತ್ತರ ಹೆಣ್ಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯುಂಟೇ? ಮಾತು ಗಂಡಿನದು, ಬಾಗಿಲು ಮುಚ್ಚುವುದು ಹೆಣ್ಣಿಗೆ! ಓದುಗರೇ, ಯಾವ ಧರ್ಮ ಇದನ್ನು ನ್ಯಾಯವೆಂದೀತು?

ಜಂಬಣ್ಣನ ನಗೆ ಮಾಯವಾಯಿತು. ಓಡಿಬಂದು ಗಾದೆಮ್ಮನಿಗೆ ಅಡ್ಡ ನಿಂತ.

“ತಪ್ಪು ನಂದೈತ್ರಿ. ಸಾಲಿ ಬಿಡಿಸಾದಿದ್ರ ನನ್ನ ಬಿಡಸ್ರಿ. ಅವರೇನ್ ಮಾಡ್ಯಾರ್ರಿ?”

“ಹಂಗಾರ ಆ ನಾಟಕ ಯಾಕ?” ವಿರೂಪಮ್ಮ ಕಣ್ಣೊರೆಸಿಕೊಂಡು ಕೇಳಿದಳು.

“ನಾಟಕ ಅಲ್ರಿ... ನಿಮ್ಮನ್ನ ಕುರುಗೋಡಿಗಿ, ನಮ್ಮವ್ವನ ಹತ್ರ ಕರ್ಕೊಂಡು ಹೋಗಾಕ ಆಸಿ. ಕನ್ನಡದಾಗ ಕೇಳಾಕ ಧೈರ್ಯ ಬರಲಿಲ್ಲ. ಇಂಗ್ಲಿಷ್‌ದಾಗ... ಬಾಯಿ ಜಾರಿತ್ರಿ!”

“ಅಯ್ಯ ಶಿವನ! ಹೆಣ್ಣು ಕೇಳಾಂವ ಟಿಕೇಟ್ ಯಾಕ ಕೇಳಿದ್ಯಪ್ಪ?” ಗಾದೆಮ್ಮನ ಕೋಪ ನಗೆಯಾಗಿ ಒಡೆಯಿತು.

ವಿರೂಪಮ್ಮ ಮಾತ್ರ ನಗಲಿಲ್ಲ. “ನಾ ಸಾಲಿ ಬಿಡಂಗಿಲ್ಲ. ಮದಿವ್ಯಾದ ಮ್ಯಾಲೂ.”

“ಬಿಡ್ರಿ ಅಂತ ನಾ ಅಂದ್ರ, ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ್ರಿ.”

ಅವಳು ಚಿಕ್ಕಮ್ಮನತ್ತ ತಿರುಗಿದಳು. “ಚಿಗವ್ವ...?”

“ಓದವ್ವ, ಓದು! ನಾ ಸಿಟ್ಟಿನ್ಯಾಗ ಅಂದೆ.”

ಆಗ ವಿರೂಪಮ್ಮ ಅವನನ್ನು ನೇರವಾಗಿ ನೋಡಿದಳು. “ಈಗ ಕೇಳ್ರಿ. ಕನ್ನಡದಾಗ.”

“ನನ್ನ ಮದಿವಿ ಆಗ್ತೀರೇನ್ರಿ?”

“ಮೊದ್ಲು ಪರೀಕ್ಷಿ ಪಾಸಾಗ್ತೀನಿ...” ಅವಳ ತುಟಿಯಂಚಿನಲ್ಲಿ ನಗೆ ಮೂಡಿತು. “ಆಮ್ಯಾಲ ಆಗ್ತೀನಿ.”

“ನಾನೂ ಪಾಸಾಗಬೇಕಲ್ರಿ!”

“ಆಗದಿದ್ರ... ನಾ ಕಲಿಸ್ತೀನಿ, ಬರ್ರಿ.”