ಗೋಡೆಗೆ ಹೊದಿಸಿದ ಟಾರ್ಪಾಲು

ಚಳಿ ತಡೆಯಲು ಗೋಡೆಗೆ ಅಂಟಿಸುವ ಥರ್ಮಾಕೋಲ್ ಹಲಗೆಗಳಿಗೆ ಅವಳ ಎರಡು ಬಳೆ ಹೋದವು. ಅಂಟಿಗೆ, ಗಾರೆಗೆ ಹೊಲಿಗೆಯ ದುಡ್ಡೆಲ್ಲ ಹೋಯಿತು. ಕೂಲಿಗೆ ಏನೂ ಉಳಿಯದೆ, ಟೈಲರ್ ಹುಡುಗಿ ತಾನೇ ಏಣಿ ಹತ್ತಿದಳು.

ಹಳೇ ಮನೆಯ ಮುಂದಿನ ಗೋಡೆಯಿಂದ ಚಳಿ ನೇರ ಅಮ್ಮನ ಹಾಸಿಗೆಗೆ ಇಳಿಯುತ್ತಿತ್ತು. ಅಮ್ಮನ ಕೆಮ್ಮು ಕೇಳಿ ಅಣ್ಣ ಖಡಾಖಂಡಿತವಾಗಿ ಹೇಳಿದ್ದ: "ಚಳಿಗಾಲ ಬರೋದ್ರೊಳಗೆ ಗೋಡೆ ಸರಿಯಾಗ್ಲಿಲ್ಲ ಅಂದ್ರೆ ಮನೆ ಮಾರ್ತೀನಿ. ಅಮ್ಮ ನನ್ನ ಜೊತೆ ಬರ್ತಾಳೆ."

ಮೊದಲ ಸಾಲು ಅಂಟಿಸಿದ ಮರುದಿನ ಅಂಗಡಿಯಿಂದ ಬಂದು ನೋಡುತ್ತಾಳೆ… ಅವಳ ಹಲಗೆಗಳ ಮೇಲೆ ಯಾರೋ ಒಬ್ಬ ಎರಡೂ ಕೈ ಇಟ್ಟಿದ್ದಾನೆ!

"ರೀ, ಯಾಕ್ರೀ ಕೀಳ್ತಿದ್ದೀರಾ?"

"ಕೀಳೋದಾ? ಅರ್ಧ ಗಂಟೆಯಿಂದ ಹಿಡ್ಕೊಂಡು ನಿಂತಿದ್ದೀನಿ ಕಣ್ರೀ. ಬಿಟ್ರೆ ನಾಲ್ಕೂ ಬೀಳ್ತವೆ. ಮೂಗು ಬೇರೆ ಕಡೀತಿದೆ."

ಎದುರು ಮನೆಯ ಲಾರಿ ಡ್ರೈವರ್. ಅವಳು ನಗು ನುಂಗಿದಳು. ಹಳೇ ಸುಣ್ಣ ಕೆರೆಯದೆ ಅಂಟು ಹಾಕಿದ್ದಳು. ಅಂಟು ಸುಣ್ಣವನ್ನು ಹಿಡಿದಿತ್ತು, ಸುಣ್ಣ ಗೋಡೆಯನ್ನು ಬಿಟ್ಟಿತ್ತು.

ಇಬ್ಬರೂ ಸೇರಿ ಎರಡು ದಿನ ಕೆರೆದರು, ತೊಳೆದರು.

"ಗೋಡೆ ಒಣಗ್ಲಿ," ಅಂದ ಅವನು. "ಒದ್ದೆ ಮೇಲೆ ಅಂಟಿಸಿದ್ರೆ ಬೂಷ್ಟು ಹಿಡಿಯುತ್ತೆ."

"ಚಳಿ ಕಾಯುತ್ತಾ? ನಿನ್ನೆ ಅಣ್ಣನ ಜೊತೆ ಗುಸುಗುಸು ಮಾತಾಡ್ತಿದ್ರಲ್ಲ… ತಡ ಮಾಡಿಸಿ ಮನೆ ಮಾರಿಸೋಕೇ ಬಂದ್ರಾ?"

ಅವನು ಕೆರೆಯುವ ಕರಣೆ ಕೆಳಗಿಟ್ಟು ಹೋದ.

ಮರುದಿನ ಅಂಗಡಿಯಲ್ಲಿದ್ದಾಗ ಮಳೆ ಶುರುವಾಯಿತು. 'ಮುಗೀತು… ಗೋಡೆ ನೆನೆದ್ರೆ ಮನೆ ಹೋದಂಗೇ.' ಓಡಿ ಬಂದಳು.

ಗೋಡೆಗೆ ಮೇಲಿಂದ ಕೆಳಗಿನವರೆಗೂ ಟಾರ್ಪಾಲು ಕಟ್ಟಿತ್ತು. ಕೈ ತೂರಿಸಿ ಮುಟ್ಟಿದಳು. ಒಂದು ಹನಿಯೂ ತಾಗಿರಲಿಲ್ಲ. ಎದುರಿಗೆ ಅವನ ಲಾರಿ ಬೋಳಾಗಿ ನಿಂತಿತ್ತು, ಪಕ್ಕದಲ್ಲಿ ಅವನು.

"ಲೋಡಿಗೆ ಹೋಗ್ಲಿಲ್ವಾ?"

"ಟಾರ್ಪಾಲಿಲ್ಲದ ಲಾರಿಗೆ ಮಳೇಲಿ ಯಾರು ಲೋಡ್ ಕೊಡ್ತಾರೆ?"

"ಮತ್ತೆ ಅಣ್ಣನ ಹತ್ರ…"

"ಒಂದು ವಾರ ಹೆಚ್ಚು ಕೊಡಿ ಅಂತ ಕೇಳ್ತಿದ್ದೆ. ಒಪ್ಪಿದ್ದಾರೆ. ಹೇಳೋಕೆ ನೀವು ಬಿಡಬೇಕಲ್ಲ."

"ತಪ್ಪಾಯ್ತು…" ಅವಳ ಎದೆ ಹಗುರಾಯಿತು, ಕಣ್ಣು ತುಂಬಿತು.

ಮಳೆ ನಿಂತು ಗೋಡೆ ಒಣಗಿದ ಮೇಲೆ ಹಲಗೆ ಕೂತವು. ಗಾರೆ ಬಿರಿಯದಂತೆ ಜಾಲರಿ ಹಾಕುವಾಗ ಅವನು ತುಂಡುಗಳನ್ನು ಅಂಚಿಗೆ ಅಂಚು ಇಟ್ಟ.

"ಹಾಗಿಟ್ರೆ ಅಲ್ಲೇ ಬಿಡುತ್ತೆ. ಒಂದರ ಮೇಲೊಂದು ಬರ್ಲಿ. ಜೋಡಿಸೋದು ನನ್ನ ಕಸುಬು, ಸುಮ್ನಿರಿ."

ಅವನು ಅವಳು ಹೇಳಿದಂತೆ ಇಟ್ಟ. ಖುಷಿಯಾಗಿಯೇ.

ಚಳಿ ಬಂತು. ಅಮ್ಮ ಕೆಮ್ಮದೆ ಬೆಳಗಿನವರೆಗೂ ಮಲಗಿದಳು. ಅಣ್ಣ ಬಂದು ಒಳಗಿನಿಂದ ಗೋಡೆಗೆ ಅಂಗೈ ಇಟ್ಟ, ಬಹಳ ಹೊತ್ತು ತೆಗೆಯಲಿಲ್ಲ.

"ಆಯ್ತು ಬಿಡು ಪುಟ್ಟಿ. ಇಲ್ಲೇ ಇರಿ."

ಹೊರಗೆ ಡ್ರೈವರ್ ಏಣಿ ಮಡಚುತ್ತಿದ್ದ. "ಕೆಲಸ ಮುಗೀತು. ನಾಳೆಯಿಂದ ಏನು ನೆಪ ಹೇಳ್ಕೊಂಡು ಬರ್ಲಿ?"

"ನೆಪ ಯಾಕೆ? ಅಮ್ಮನ ಹತ್ರ ನನ್ನನ್ನ ಕೇಳೋಕೆ ಬನ್ನಿ."

ಅವನ ಕೈಯಲ್ಲಿ ಏಣಿ ಅರ್ಧಕ್ಕೇ ನಿಂತಿತು. "ಒಪ್ಪದಿದ್ರೆ…?"

"ಕಿಟಕಿ ತೆರೆದಿದೆ. ಇಷ್ಟೊತ್ತಿಗೆ ಒಪ್ಪಿರ್ತಾಳೆ."

ಮನೆ ಉಳಿಯಿತು, ಅಮ್ಮ ಎಲ್ಲಿಗೂ ಹೋಗಲಿಲ್ಲ. ಡ್ರೈವರ್ ಆ ಮಳೆಯಲ್ಲಿ ಎರಡು ಬಾಡಿಗೆ ಕಳೆದುಕೊಂಡ, ಮನಸ್ಸಿಗೊಪ್ಪಿದ ಹೆಂಡತಿಯನ್ನು ಪಡೆದ.